ಕೃಷ್ಣೆಯ ಮೇಲ್ದಂಡೆಯ ಸರ್ಕಾರ: ಕ್ರಾಂತಿಸಿಂಹ ನಾನಾ ಪಾಟೀಲ

ನಾನು ಕಲಿತ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಕೇಳಿದರು. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನಾದ್ದರಿಂದ ಕಂಪ್ಯೂಟರ್ ಕುರಿತು ಬರೆಯುತ್ತೇನೆಂದು ಅವರು ಅಂದುಕೊಂಡಿರಬಹುದು. ಆದರೆ ನಾನು ಆರಿಸಿಕೊಂಡದ್ದು ಕ್ರಾಂತಿಸಿಂಹ ನಾನಾ ಪಾಟೀಲರ ಜೀವನ. ನಮ್ಮೂರಿನ ಹಿರಿಯರಿಗೆ ಈ ಹೆಸರು ಹೊಸದಲ್ಲ. ನಮ್ಮ ಹೊಲಗಳಿಗೆ ನೀರು ಕೊಡುವ ಕೃಷ್ಣೆಯ ದಂಡೆ ಹಿಡಿದು ಸಾಂಗ್ಲಿ ದಾಟಿ ಮೇಲಕ್ಕೆ ಹೋದರೆ ವಾಳವಾ ತಾಲೂಕು ಸಿಗುತ್ತದೆ. ಆ ಭಾಗದ ಹಳ್ಳಿಗಳಲ್ಲಿ ಬ್ರಿಟಿಷರು ಇನ್ನೂ ಆಳುತ್ತಿದ್ದಾಗಲೇ ರೈತರು ತಮ್ಮದೇ ಒಂದು ಸರ್ಕಾರ ಮಾಡಿಕೊಂಡು ಮೂರು ವರ್ಷ ನಡೆಸಿದರು. ಆ ಸರ್ಕಾರದ ಮುಂದಾಳು ನಾನಾ ಪಾಟೀಲರು. ನಮ್ಮ ಪಠ್ಯಪುಸ್ತಕದಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಪಾಠ ಇತ್ತು. ಇಷ್ಟು ಹತ್ತಿರದ ಈ ಕಥೆಗೆ ಅಲ್ಲಿ ಜಾಗ ಇರಲಿಲ್ಲ. ಅದಕ್ಕಾಗಿ ಈ ಬರಹ.

ತಲಾಠಿಯಾಗಿದ್ದವರು

ನಾನಾ ಪಾಟೀಲರು ಹುಟ್ಟಿದ್ದು 1900ರ ಆಗಸ್ಟ್ 3ರಂದು, ತಾಯಿಯ ತವರಾದ ಬಹೆ ಬೋರಗಾವದಲ್ಲಿ. ಅದು ಕೃಷ್ಣೆಯ ದಂಡೆಯ ಊರು. ಅವರ ಸ್ವಂತ ಊರು ಯೇಡೆ ಮಚ್ಛಿಂದ್ರ. ಈಗ ಅದು ಸಾಂಗ್ಲಿ ಜಿಲ್ಲೆಯಲ್ಲಿದೆ, ಆಗ ಸಾತಾರಾ ಜಿಲ್ಲೆಯಲ್ಲಿತ್ತು. ತಂದೆ ರಾಮಚಂದ್ರ, ತಾಯಿ ಗೋಜರಾಬಾಯಿ. ಮನೆತನದ ಅಡ್ಡಹೆಸರು ಪಿಸಾಳ, ಆದರೆ ಲೋಕಕ್ಕೆ ಅವರು ಪಾಟೀಲರೇ. ಎತ್ತರದ ಆಳು, ಗಟ್ಟಿ ಮೈಕಟ್ಟು, ತಲೆಗೆ ಪಟಗಾ, ದೊಡ್ಡ ದನಿ. ಭಾಷಣಕ್ಕೆ ನಿಂತರೆ ಪುಸ್ತಕದ ಮಾತು ಆಡುತ್ತಿರಲಿಲ್ಲ. ಎತ್ತು, ಬಿತ್ತನೆ, ಸಾಲ, ಮಳೆ ಇವುಗಳ ಮಾತಿನಲ್ಲೇ ಸ್ವರಾಜ್ಯ ಎಂದರೇನೆಂದು ತಿಳಿಸುತ್ತಿದ್ದರು.

ಊರಿನ ಮಟ್ಟಿಗೆ ಓದು ಮುಗಿಸಿ ತಲಾಠಿ ನೌಕರಿ ಹಿಡಿದರು. ಆ ಕಾಲದಲ್ಲಿ ತಲಾಠಿ ಎಂದರೆ ಸಣ್ಣ ಮಾತಲ್ಲ. ಯಾರ ಹೊಲ ಎಷ್ಟು, ಯಾರ ಕಂದಾಯ ಬಾಕಿ, ಯಾರ ಭೂಮಿ ಸಾವಕಾರನ ಕೈಗೆ ಹೋಯಿತು ಎಂಬುದೆಲ್ಲ ಅವನ ದಫ್ತರದಲ್ಲಿ ಇರುತ್ತಿತ್ತು. ಸರ್ಕಾರ ಹಳ್ಳಿಗೆ ಇಳಿಯುವುದೇ ಅವನ ಕೈ ಮೂಲಕ. ಸರ್ಕಾರದ ಯಂತ್ರ ಹೇಗೆ ನಡೆಯುತ್ತದೆ, ಎಲ್ಲಿ ತಡೆದರೆ ನಿಲ್ಲುತ್ತದೆ ಎಂಬುದನ್ನು ಅವರು ಅಲ್ಲೇ ಕಲಿತಿರಬೇಕೆಂದು ನನಗೆ ಅನ್ನಿಸುತ್ತದೆ. ಮುಂದೆ ಅವರ ಸಂಗಾತಿಗಳು ನಡೆಸಿದ ಕೆಲಸವನ್ನು ನೋಡಿದರೆ ಒಳಗಿನ ಲೆಕ್ಕ ಬಲ್ಲವರ ಗುರುತು ಅದರಲ್ಲಿ ಕಾಣುತ್ತದೆ.

ಜೋತಿರಾವ ಫುಲೆಯವರ ಸತ್ಯಶೋಧಕ ವಿಚಾರ ಆ ಭಾಗದ ಹಳ್ಳಿಗಳಲ್ಲಿ ಮೊದಲೇ ಬೇರೂರಿತ್ತು. ಮದುವೆಯ ದುಂದು ವೆಚ್ಚ, ಜಾತಿಯ ಮೇಲುಕೀಳು, ಸಾವಕಾರಿ ಸಾಲ ಇವುಗಳ ವಿರುದ್ಧ ರೈತರ ಮಕ್ಕಳು ಮಾತಾಡತೊಡಗಿದ್ದರು. ನಾನಾ ಪಾಟೀಲರು ಬೆಳೆದದ್ದು ಈ ಗಾಳಿಯಲ್ಲಿ. 1930ರಲ್ಲಿ ಗಾಂಧೀಜಿಯವರ ಕಾಯ್ದೆಭಂಗ ಚಳವಳಿ ಬಂದಾಗ ಅವರು ನೌಕರಿ ಬಿಟ್ಟು ಇಳಿದರು. ಮುಂದಿನ ಹನ್ನೆರಡು ವರ್ಷ ಊರೂರು ತಿರುಗುವುದು, ಸಭೆ ಮಾಡುವುದು, ಜೈಲಿಗೆ ಹೋಗುವುದು, ಬಿಡುಗಡೆಯಾಗಿ ಬಂದು ಮತ್ತೆ ತಿರುಗುವುದು. ಮಗಳು ಹೌಸಾಬಾಯಿ ಚಿಕ್ಕವಳಿದ್ದಾಗಲೇ ಹೆಂಡತಿ ತೀರಿಕೊಂಡಿದ್ದರು. ಮಗುವನ್ನು ಸಾಕಿದವರು ಅಜ್ಜಿ. ದೇಶಕ್ಕೆ ದುಡಿದವರ ಕಥೆ ಹೇಳುವಾಗ ಮನೆಯಲ್ಲಿ ಉಳಿದ ಇಂಥ ಅಜ್ಜಿಯಂದಿರ ಹೆಸರು ಬಿಟ್ಟುಹೋಗುತ್ತದೆ. ಗೋಜರಾಬಾಯಿಯವರ ಹೆಸರನ್ನು ಇಲ್ಲಿ ಎರಡು ಸಲ ಬರೆಯುವುದು ನ್ಯಾಯ.

1942: ಕಚೇರಿಯ ಮುಂದೆ ಹರಿದ ರಕ್ತ

1942ರ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಬ್ರಿಟಿಷರು ದೇಶ ಬಿಟ್ಟು ಹೋಗಬೇಕೆಂಬ ಠರಾವು ಆಯಿತು. ದೊಡ್ಡ ನಾಯಕರೆಲ್ಲ ರಾತ್ರೋರಾತ್ರಿ ಬಂಧನವಾದರು. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ತಂತಿ ಕತ್ತರಿಸಿದರು, ಟಪಾಲು ಚೀಲ ಸುಟ್ಟರು, ಚಾವಡಿಯ ದಫ್ತರಕ್ಕೆ ಬೆಂಕಿ ಇಟ್ಟರು. ಸಾತಾರಾ ಜಿಲ್ಲೆಯಲ್ಲಿ ಜನ ಮೊದಲು ಹಿಡಿದದ್ದು ಮೋರ್ಚಾದ ದಾರಿ. ತಾಲೂಕಿನ ಹಳ್ಳಿಗಳ ಜನ ಬರಿಗೈಯಲ್ಲಿ ಮಾಮಲೇದಾರ ಕಚೇರಿಗೆ ನಡೆದು ಹೋಗಿ ಅಲ್ಲಿ ತ್ರಿವರ್ಣ ಧ್ವಜ ಏರಿಸುವುದು. ಕರಾಡದಲ್ಲಿ ಹೀಗಾಯಿತು. ಸೆಪ್ಟೆಂಬರ್ 3ರಂದು ತಾಸಗಾವದಲ್ಲಿ ಮಾಮಲೇದಾರರೇ ಗಾಂಧಿ ಟೋಪಿ ಹಾಕಿಕೊಳ್ಳಬೇಕಾಯಿತು.

ಇದನ್ನು ಸರ್ಕಾರ ಸಹಿಸಲಿಲ್ಲ. ಸೆಪ್ಟೆಂಬರ್ 9ರಂದು ವಡೂಜದಲ್ಲಿ ಗುಂಡು ಹಾರಿಸಿದರು. ಧ್ವಜ ಹಿಡಿದು ಮುಂದೆ ನಡೆದಿದ್ದ ಪರಶುರಾಮ ಘಾರ್ಗೆ ಮತ್ತು ಅವರ ಸಂಗಡಿಗರು ಅಲ್ಲೇ ಬಿದ್ದರು. ಮರುದಿನ ಇಸ್ಲಾಮಪುರದಲ್ಲಿ ಮತ್ತೆ ಗುಂಡು. ಅಲ್ಲಿ ಸತ್ತವರಲ್ಲಿ ಉಮಾಶಂಕರ ಪಂಡ್ಯಾ ಒಬ್ಬರು. ಅವರು ಕಿರ್ಲೋಸ್ಕರವಾಡಿಯ ಕಾರಖಾನೆಯಲ್ಲಿ ಎಂಜಿನಿಯರ್. ಅವರ ಹೆಸರು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಒಳ್ಳೆಯ ಕಾರಖಾನೆಯಲ್ಲಿ ಒಳ್ಳೆಯ ಕೆಲಸ ಇದ್ದ ಎಂಜಿನಿಯರ್ ರೈತರ ಮೋರ್ಚಾದಲ್ಲಿ ನಡೆದು ಹೋಗಬೇಕೆಂದು ಯಾರೂ ಅವರನ್ನು ಒತ್ತಾಯಿಸಿರಲಿಲ್ಲ. ಆ ಕಾರಖಾನೆ ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದವರು ಎಂಬುದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಭೂಗತ ಸರ್ಕಾರ

ಗುಂಡಿನ ಎದುರು ಬರಿಗೈಯ ಮೋರ್ಚಾ ಇನ್ನು ನಡೆಯುವುದಿಲ್ಲವೆಂದು ತಿಳಿದ ಮೇಲೆ ನಾಯಕರು ಭೂಗತರಾದರು. ಯಶವಂತರಾವ ಚವ್ಹಾಣ, ಕಿಸನ ವೀರ, ಕುಂಡಲದ ಜಿ.ಡಿ. ಬಾಪು ಲಾಡ, ವಾಳವಾದ ನಾಗನಾಥ ನಾಯಕವಾಡಿ, ಸಾಂಗ್ಲಿ ಕಡೆಯ ವಸಂತದಾದಾ ಪಾಟೀಲ ಹೀಗೆ ಬೇರೆ ಬೇರೆ ಗುಂಪುಗಳು ಕೆಲಸ ಮಾಡುತ್ತಿದ್ದವು. ಎಲ್ಲರಿಗೂ ಹಿರಿಯಣ್ಣನಂತೆ ಇದ್ದವರು ನಾನಾ ಪಾಟೀಲರು. ಸರ್ಕಾರ ಅವರನ್ನು ಹಿಡಿದುಕೊಟ್ಟವರಿಗೆ ಬಹುಮಾನ ಸಾರಿತು. 1942ರಿಂದ 1946ರವರೆಗೆ ಅವರು ಸಿಗಲಿಲ್ಲ. ಒಂದು ರಾತ್ರಿ ಕಬ್ಬಿನ ಪಡದಲ್ಲಿ, ಇನ್ನೊಂದು ರಾತ್ರಿ ಗುಡ್ಡದ ಮೇಲೆ, ಮತ್ತೊಂದು ರಾತ್ರಿ ಯಾವುದೋ ಬಡವನ ಹಟ್ಟಿಯಲ್ಲಿ. ಅಷ್ಟು ಎತ್ತರದ ಆಳನ್ನು, ಅಷ್ಟು ದೊಡ್ಡ ದನಿಯ ಮನುಷ್ಯನನ್ನು ಬಚ್ಚಿಡುವುದು ಸುಲಭವಲ್ಲ. ನೂರಾರು ಹಳ್ಳಿಗಳಲ್ಲಿ ಸಾವಿರಾರು ಜನರಿಗೆ ಗೊತ್ತಿದ್ದ ಗುಟ್ಟು ಬಯಲಾಗಲಿಲ್ಲ ಎಂಬುದೇ ಆ ಸರ್ಕಾರಕ್ಕೆ ಜನರು ಕೊಟ್ಟ ಮತ.

1943ರಲ್ಲಿ ಈ ಗುಂಪುಗಳು ಸೇರಿ ಪ್ರತಿ ಸರ್ಕಾರ ಎಂಬ ವ್ಯವಸ್ಥೆ ರೂಪಿಸಿದವು. ಅದು ಏನೇನು ಕೆಲಸ ಮಾಡುತ್ತಿತ್ತು ಎಂದು ನೋಡಿದರೆ ಅದು ಬರೀ ಹೆಸರಿನ ಸರ್ಕಾರವಲ್ಲ ಎಂಬುದು ತಿಳಿಯುತ್ತದೆ. ಮೊದಲನೆಯದು ನ್ಯಾಯದಾನ ಮಂಡಳ. ಹೊಲದ ಬದುವಿನ ಜಗಳ, ಸಾಲದ ತಕರಾರು, ಹೆಂಡತಿಯನ್ನು ಬಿಟ್ಟವನ ಮೇಲಿನ ದೂರು ಎಲ್ಲವನ್ನೂ ಊರಿನ ಪಂಚರ ಎದುರು ವಿಚಾರಿಸಿ ತೀರ್ಪು ಕೊಡುತ್ತಿದ್ದರು. ಜನ ತಾಲೂಕಿನ ಕೋರ್ಟಿಗೆ ಅಲೆಯುವುದನ್ನು ಬಿಟ್ಟು ಇಲ್ಲಿಗೆ ಬರತೊಡಗಿದರು. ಎರಡನೆಯದು ತೂಫಾನ ಸೇನೆ. ಯುವಕರಿಗೆ ಕವಾಯತು, ಬಂದೂಕು, ಶಿಸ್ತು ಕಲಿಸುವ ದಳ. ಕುಂಡಲ ಅದರ ಮುಖ್ಯ ನೆಲೆ. ಮೂರನೆಯದು ಸಮಾಜದ ಕೆಲಸ. ಸೆರೆ ಅಂಗಡಿ ಮುಚ್ಚಿಸಿದರು, ಊರುಗಳಲ್ಲಿ ವಾಚನಾಲಯ ತೆರೆದರು, ಗಾಂಧಿ ಮದುವೆ ಎಂಬ ಪದ್ಧತಿ ಹರಡಿದರು. ಬಾಜಾ ಬಜಂತ್ರಿ ಇಲ್ಲ, ವರದಕ್ಷಿಣೆ ಇಲ್ಲ, ಸಾಲ ಇಲ್ಲ. ಮದುವೆಗೆಂದು ಹೊಲ ಒತ್ತೆ ಇಟ್ಟ ಮನೆಗಳನ್ನು ಕಂಡಿರುವ ನಮಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ. ನಾಲ್ಕನೆಯದು ದರೋಡೆಕೋರರ ಹಾವಳಿ ನಿಲ್ಲಿಸಿದ್ದು. ಪೊಲೀಸರು ಹಳ್ಳಿಗೆ ಬರುವುದನ್ನು ಬಿಟ್ಟಾಗ ಕಳ್ಳರಿಗೆ ಹಬ್ಬ. ಆ ಗುಂಪುಗಳನ್ನು ಹಿಡಿದು ಅಡಗಿಸಿದ್ದರಿಂದಲೇ ಸಾಮಾನ್ಯ ಜನರಿಗೆ ಇದು ತಮ್ಮ ಸರ್ಕಾರ ಎಂಬ ನಂಬಿಕೆ ಹುಟ್ಟಿತು.

ಹಣಕ್ಕೆ ಅವರು ಬ್ರಿಟಿಷ್ ಖಜಾನೆಯನ್ನೇ ನೆಚ್ಚಿದರು. 1943ರ ಜೂನ್ 7ರಂದು ಶೇಣೋಲಿ ಹತ್ತಿರ ಪುಣೆ–ಮೀರಜ ದಾರಿಯ ರೈಲನ್ನು ತಡೆದು ಸರ್ಕಾರಿ ಹಣ ಎತ್ತಿದರು. ನಮ್ಮ ಶೇಡಬಾಳ, ಉಗಾರದ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮೀರಜ ದಾಟಿ ಪುಣೆಗೆ ಹೋಗುವವರು ಈಗಲೂ ಆ ಜಾಗ ದಾಟಿಯೇ ಹೋಗುತ್ತಾರೆ. ಅದೇ ವರ್ಷ ಜುಲೈ 24ರಂದು ವಸಂತದಾದಾ ಮತ್ತು ಸಂಗಡಿಗರು ಸಾಂಗ್ಲಿ ಜೈಲು ಒಡೆದು ಹೊರಬಿದ್ದರು. 1944ರಲ್ಲಿ ಧುಳೆ ಕಡೆ ಸರ್ಕಾರಿ ಖಜಾನೆ ಸಾಗಿಸುತ್ತಿದ್ದ ಗಾಡಿಯ ಮೇಲೆ ದಾಳಿ ನಡೆಯಿತು. ಬಂದ ಹಣದ ಪೈಸೆ ಪೈಸೆಗೆ ಲೆಕ್ಕ ಇಡಬೇಕು, ಸ್ವಂತಕ್ಕೆ ಮುಟ್ಟಬಾರದು ಎಂಬುದು ಅವರ ಕಟ್ಟಳೆ.

ಈ ಹೊತ್ತಿಗೆ ನಾನಾ ಪಾಟೀಲರ ಮನೆಯವರು ಪಟ್ಟ ಕಷ್ಟ ದೊಡ್ಡದು. ಸರ್ಕಾರ ಅವರ ಮನೆ ಮತ್ತು ಹೊಲ ಜಪ್ತಿ ಮಾಡಿತು. ಅಜ್ಜಿ, ಮೊಮ್ಮಗಳು ಒಂದು ಸಣ್ಣ ಕೋಣೆಯಲ್ಲಿ ದಿನ ತೆಗೆದರು. ಸಹಾಯ ಮಾಡಿದರೆ ತಮಗೂ ತೊಂದರೆ ಎಂದು ಜನ ಹೆದರುತ್ತಿದ್ದರು. ಸಂಬಂಧಿಕರೊಬ್ಬರು ಕೊಟ್ಟ ಎತ್ತು ಗಾಡಿಯ ಬಾಡಿಗೆಯಿಂದ ಹೊಟ್ಟೆ ಹೊರೆದುಕೊಂಡರು. ಆ ಮೊಮ್ಮಗಳೇ ಹೌಸಾಬಾಯಿ. ಬೆಳೆದು ಅವರೂ ಚಳವಳಿಗೆ ಇಳಿದರು. ಭವಾನಿನಗರದ ಪೊಲೀಸ್ ಠಾಣೆಯ ಮುಂದೆ ಗಂಡನಿಂದ ಹೊಡೆತ ತಿನ್ನುವ ಹೆಂಗಸಿನಂತೆ ನಟಿಸಿ ಕೂಗಾಡಿದರು. ಜಗಳ ಬಿಡಿಸಲು ಪೊಲೀಸರು ಹೊರಗೆ ಬಂದಾಗ ಸಂಗಡಿಗರು ಒಳಗಿನ ಬಂದೂಕು ಎತ್ತಿಕೊಂಡು ಹೋದರು. ಹೊಡೆತ ಮಾತ್ರ ನಿಜವಾಗಿಯೇ ಬಿದ್ದಿತ್ತಂತೆ.

ಅಷ್ಟು ದಿನ ಹೇಗೆ ಉಳಿಯಿತು

1942ರ ಸೆಪ್ಟೆಂಬರಿನಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಈಸೂರಿನ ಜನರೂ ತಮ್ಮ ಊರನ್ನು ಸ್ವತಂತ್ರವೆಂದು ಸಾರಿದ್ದರು. ಅದು ಕೆಲವೇ ದಿನ ಬಾಳಿತು. ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಸೈನ್ಯ ಬಂದು ಊರು ಸೂರೆಯಾಯಿತು. 1943ರ ಮಾರ್ಚ್‌ನಲ್ಲಿ ಐವರು ಗಲ್ಲಿಗೇರಿದರು. ಈಸೂರಿನವರ ಧೈರ್ಯ ಕಡಿಮೆಯದಲ್ಲ. ಹಾಗಾದರೆ ಸಾತಾರಾದ ಸರ್ಕಾರ ವರ್ಷಗಟ್ಟಲೆ ಹೇಗೆ ಉಳಿಯಿತು?

ನನಗೆ ಮೂರು ಕಾರಣ ಕಾಣುತ್ತವೆ. ಮೊದಲನೆಯದು, ಇಪ್ಪತ್ತು ವರ್ಷದ ತಯಾರಿ. ನಾನಾ ಪಾಟೀಲರು ಆ ಹಳ್ಳಿಗಳನ್ನು 1930ರಿಂದಲೇ ಕಾಲ್ನಡಿಗೆಯಲ್ಲಿ ಸುತ್ತಿದ್ದರು, ಅವರಿಗಿಂತ ಮೊದಲು ಸತ್ಯಶೋಧಕರು ಸುತ್ತಿದ್ದರು. ಎರಡನೆಯದು, ರಚನೆ. ನಮ್ಮ ಕೆಲಸದಲ್ಲಿ ಎಲ್ಲವನ್ನೂ ಒಂದೇ ಸರ್ವರ್ ಮೇಲೆ ಇಡಬಾರದು ಎನ್ನುತ್ತೇವೆ. ಅದು ಕೆಟ್ಟರೆ ಎಲ್ಲವೂ ನಿಲ್ಲುತ್ತದೆ. ಪ್ರತಿ ಸರ್ಕಾರಕ್ಕೆ ರಾಜಧಾನಿ ಇರಲಿಲ್ಲ, ಕಚೇರಿ ಇರಲಿಲ್ಲ. ಒಂದು ಗುಂಪಿನವರು ಸಿಕ್ಕಿಬಿದ್ದರೆ ಉಳಿದ ಗುಂಪುಗಳು ನಡೆಸುತ್ತಿದ್ದವು. ಚವ್ಹಾಣರು ಬಂಧನವಾದರು, ವಸಂತದಾದಾ ಮತ್ತೆ ಸಿಕ್ಕಿಬಿದ್ದರು, ಕೆಲಸ ನಿಲ್ಲಲಿಲ್ಲ.

ಮೂರನೆಯದು ನಮಗೆ ಹೆಚ್ಚು ಹತ್ತಿರದ ಕಾರಣ. ಆ ಸೀಮೆ ನಮ್ಮ ಸೀಮೆಯಂತೆಯೇ ಸಣ್ಣ ಸಣ್ಣ ಸಂಸ್ಥಾನಗಳಾಗಿ ಹರಿದು ಹಂಚಿತ್ತು. ಒಂದು ಊರು ಬ್ರಿಟಿಷರದು, ಪಕ್ಕದ ಊರು ಸಾಂಗ್ಲಿಯದು, ಅದರಾಚೆಯದು ಔಂಧದ್ದು. ಕುಂಡಲ ಔಂಧ ಸಂಸ್ಥಾನಕ್ಕೆ ಸೇರಿತ್ತು. ಔಂಧದ ರಾಜ ಭವಾನರಾವ ಪಂತಪ್ರತಿನಿಧಿಯವರು 1939ರಲ್ಲೇ ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸುವ ಸಂವಿಧಾನ ಜಾರಿ ಮಾಡಿದ್ದರು. ಅದನ್ನು ರೂಪಿಸುವಾಗ ಗಾಂಧೀಜಿಯವರ ಸಲಹೆ ಇತ್ತು. ಊರ ಪಂಚಾಯತಿಯಿಂದ ಮೇಲಕ್ಕೆ ಏರುವ ಆಡಳಿತ ಅದು. ವಿಜಾಪುರ ಜಿಲ್ಲೆಯ ಗುಣದಾಳದ ಕನ್ನಡ ಹಳ್ಳಿಗಳೂ ಔಂಧಕ್ಕೆ ಸೇರಿದ್ದರಿಂದ ಆ ಪ್ರಯೋಗದ ಪಾಲು ನಮ್ಮ ಕನ್ನಡಿಗರಿಗೂ ದಕ್ಕಿತ್ತು. ಬ್ರಿಟಿಷ್ ಹದ್ದಿನಲ್ಲಿ ಬೆನ್ನು ಹತ್ತಿದವರಿಂದ ತಪ್ಪಿಸಿಕೊಂಡು ಕಾರ್ಯಕರ್ತರು ಔಂಧದ ಹದ್ದಿನೊಳಗೆ ಬಂದು ಉಸಿರು ಬಿಡುತ್ತಿದ್ದರು. ಗಡಿ ಎಂಬುದು ಕೆಲವೊಮ್ಮೆ ಗೋಡೆ, ಕೆಲವೊಮ್ಮೆ ನೆರಳು.

ಒಪ್ಪಲು ಕಷ್ಟವಾದ ಭಾಗ

ಈ ಸರ್ಕಾರಕ್ಕೆ ಜನರು ಪತ್ರಿ ಸರ್ಕಾರ ಎಂಬ ಇನ್ನೊಂದು ಹೆಸರು ಇಟ್ಟಿದ್ದರು. ಪತ್ರಿ ಎಂದರೆ ಎತ್ತಿನ ಕಾಲಿಗೆ ಹೊಡೆಯುವ ಲಾಳ. ಬಾತ್ಮಿದಾರರಿಗೆ, ಬಡವರನ್ನು ಸುಲಿದವರಿಗೆ, ಹೆಂಗಸರ ಮೇಲೆ ಕೈ ಮಾಡಿದವರಿಗೆ ಪಾದದ ಅಡಿಗೆ ಹೊಡೆಯುವ ಶಿಕ್ಷೆ ಕೊಡುತ್ತಿದ್ದರು. ನಿಜವಾಗಿಯೇ ಲಾಳ ಬಡಿಯುತ್ತಾರೆಂಬ ಸುದ್ದಿ ದೂರದವರೆಗೂ ಹಬ್ಬಿತ್ತು. ಅದು ಕೋಲಿನ ಹೊಡೆತ ಮಾತ್ರವೆಂದು ಚಳವಳಿಯವರು ಹೇಳುತ್ತಾ ಬಂದರು. ಹೇಗೇ ಇರಲಿ, ಅದು ದೈಹಿಕ ಶಿಕ್ಷೆ. ಅಪೀಲು ಮಾಡಲು ಮೇಲಿನ ಕೋರ್ಟು ಇರಲಿಲ್ಲ, ವಕೀಲರು ಇರಲಿಲ್ಲ.

ಗಾಂಧೀಜಿಯವರು 1944ರಲ್ಲಿ ಜೈಲಿನಿಂದ ಹೊರಬಂದಾಗ ಭೂಗತರೆಲ್ಲ ಬಹಿರಂಗವಾಗಿ ಬರಬೇಕೆಂದು ಸಲಹೆ ಕೊಟ್ಟರು. ಗುಟ್ಟಿನ ಹೋರಾಟ, ಹಿಂಸೆ ಅವರಿಗೆ ಒಪ್ಪಿಗೆ ಇರಲಿಲ್ಲ. ಹಲವರು ಬಂದರು. ನಾನಾ ಪಾಟೀಲರು ಬರಲಿಲ್ಲ. ಗಾಂಧಿ ಟೋಪಿಗಾಗಿ ಮತ್ತೆ ಮತ್ತೆ ಜೈಲು ಕಂಡ ಮನುಷ್ಯ ಗಾಂಧಿಯ ಮಾತನ್ನೇ ಬದಿಗಿಟ್ಟಾಗ ಅವರ ಮನಸ್ಸಿನಲ್ಲಿ ಎಷ್ಟು ತೂಗಾಟ ನಡೆದಿರಬೇಕು! ನಂಬಿದ ಹಳ್ಳಿಗಳನ್ನು ಬಿಟ್ಟು ಎದ್ದು ಹೋದರೆ ಪೊಲೀಸರ ಸೇಡು ಆ ಹಳ್ಳಿಗಳ ಮೇಲೆ ಬೀಳುವುದು ಖಚಿತವಿತ್ತು. ಈ ಕಡೆ ಇದು, ಆ ಕಡೆ ಅಹಿಂಸೆಯ ವ್ರತ. ಪಾದದ ಹೊಡೆತವನ್ನು ನಾನು ಸಮರ್ಥಿಸಲಾರೆ. ಆದರೆ ಗುಂಡು ಹಾರಿಸುವ ಸರ್ಕಾರದ ಎದುರು, ದರೋಡೆಕೋರರ ನಡುವೆ, ಬೇಲಿಯಿಲ್ಲದ ಹೊಲದಂಥ ಹಳ್ಳಿಗಳನ್ನು ಕಾಯುತ್ತಿದ್ದವರ ಸ್ಥಿತಿ ನೋಡದೆ ತೀರ್ಪು ಕೊಡುವುದೂ ನ್ಯಾಯವಲ್ಲ.

ಚೀಟಿಯ ದಾರಿ

1946ರಲ್ಲಿ ವಾರಂಟುಗಳು ರದ್ದಾದ ಮೇಲೆ ಅವರು ಜನರ ಮುಂದೆ ಬಂದರು. ಸ್ವಾತಂತ್ರ್ಯ ಬಂದಿತು. ಆದರೆ ಅವರು ಅಧಿಕಾರದ ಕಡೆ ಹೋಗಲಿಲ್ಲ. ಸ್ವಾತಂತ್ರ್ಯ ರೈತನ ಹೊಲದವರೆಗೆ ಮುಟ್ಟಲಿಲ್ಲವೆಂಬ ಅಸಮಾಧಾನದಿಂದ ಕಾಂಗ್ರೆಸ್ ಬಿಟ್ಟು ಶೇತಕರಿ ಕಾಮಗಾರ ಪಕ್ಷ ಸೇರಿದರು, ಅನಂತರ ಕಮ್ಯುನಿಸ್ಟ್ ಪಕ್ಷಕ್ಕೆ ಬಂದರು. ಜೊತೆಯವರಲ್ಲಿ ಚವ್ಹಾಣರು, ವಸಂತದಾದಾ ಮುಂದೆ ಮುಖ್ಯಮಂತ್ರಿಗಳಾದರು. ನಾನಾ ಪಾಟೀಲರು ವಿರೋಧ ಪಕ್ಷದ ಬೆಂಚಿನಲ್ಲೇ ಉಳಿದರು. 1957ರಲ್ಲಿ ಸಾತಾರಾ ಕಡೆಯಿಂದ, 1967ರಲ್ಲಿ ಬೀಡ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಬಂದರು.

1957ರ ಆ ಲೋಕಸಭೆಯ ಬಗ್ಗೆ ಒಂದು ಮಾತು ಹೇಳಬೇಕು. ಅದೇ ಚುನಾವಣೆಯಲ್ಲಿ ಮಥುರಾದಿಂದ ರಾಜಾ ಮಹೇಂದ್ರ ಪ್ರತಾಪ ಗೆದ್ದು ಬಂದಿದ್ದರು. ಅವರು 1915ರ ಡಿಸೆಂಬರಿನಲ್ಲಿ ಕಾಬೂಲಿನಲ್ಲಿ ಭಾರತದ ತಾತ್ಕಾಲಿಕ ಸರ್ಕಾರ ಸ್ಥಾಪಿಸಿ ಅದರ ಅಧ್ಯಕ್ಷರಾಗಿದ್ದವರು. ನೇತಾಜಿ ಸುಭಾಷಚಂದ್ರರು ಸಿಂಗಪುರದಲ್ಲಿ ಆಜಾದ್ ಹಿಂದ್ ಸರ್ಕಾರ ಘೋಷಿಸಿದ್ದು 1943ರ ಅಕ್ಟೋಬರ್ 21ರಂದು, ಕೃಷ್ಣೆಯ ದಂಡೆಯಲ್ಲಿ ಪ್ರತಿ ಸರ್ಕಾರ ನಡೆಯುತ್ತಿದ್ದ ವರ್ಷವೇ. ಇಂದಿಗೂ ನಮ್ಮ ರಾಜ್ಯದ ಮುಂಡಗೋಡ, ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟಿಯನ್ನರು ತಮ್ಮ ದೇಶದ ಹೊರಗೆ ಇದ್ದುಕೊಂಡೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸುತ್ತಾರೆ. ಇವರೆಲ್ಲ ಪರದೇಶದಲ್ಲಿ ಇದ್ದು ಸರ್ಕಾರ ಮಾಡಿದವರು. ನಾನಾ ಪಾಟೀಲರದು ಸ್ವಂತ ಊರಿನಲ್ಲೇ ವನವಾಸ. ಹುಟ್ಟಿದ ಮನೆ ಕೂಗಳತೆಯಲ್ಲಿ ಇದ್ದರೂ ಹೊಸ್ತಿಲು ತುಳಿಯುವಂತಿಲ್ಲ. ಅಂಥ ವನವಾಸದಲ್ಲಿ ಇದ್ದು ಸರ್ಕಾರ ನಡೆಸಿದವರು ಕೊನೆಗೆ ಚೀಟಿ ಹಾಕುವ ಪೆಟ್ಟಿಗೆಯ ಮುಂದೆ ತಲೆಬಾಗಿ, ಸಾಮಾನ್ಯ ಉಮೇದುವಾರನಾಗಿ ಮತ ಕೇಳಿದರು. ಕೈಯಲ್ಲಿ ಸೇನೆ ಇದ್ದ ನಾಯಕ ಸೇನೆಯನ್ನು ಬಿಟ್ಟು ಮತಕ್ಕೆ ಬರುವುದು ಎಲ್ಲ ದೇಶಗಳಲ್ಲೂ ಆಗುವ ಮಾತಲ್ಲ.

ಗಡಿ ಮತ್ತು ಗೌರವ

ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ನಾನಾ ಪಾಟೀಲರು ಮುಂಚೂಣಿಯಲ್ಲಿದ್ದರು. ಆ ಚಳವಳಿ ಬೆಳಗಾವಿಯನ್ನೂ ಕೇಳುತ್ತಿತ್ತು. ನಮ್ಮ ಹಿರಿಯರು ಕರ್ನಾಟಕ ಏಕೀಕರಣಕ್ಕಾಗಿ ದುಡಿದವರು, 1956ರ ನವೆಂಬರ್ 1ರಂದು ಹಬ್ಬ ಮಾಡಿದವರು. ಹಾಗಿರುವಾಗ ಗಡಿಯ ಕನ್ನಡ ಶಾಲೆಯ ಸಂಚಿಕೆಯಲ್ಲಿ ಅವರ ಬಗ್ಗೆ ಏಕೆ ಬರೆಯಬೇಕು ಎಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಗಡಿಯ ವಿಷಯದಲ್ಲಿ ನಾನು ಅವರ ಕಡೆಯವನಲ್ಲ. ನನ್ನ ಊರು ಕರ್ನಾಟಕದ್ದು, ನನ್ನ ಶಾಲೆ ಕನ್ನಡದ್ದು. ಆದರೆ ನಮ್ಮ ಊರುಗಳಲ್ಲಿ ಕನ್ನಡದ ಮನೆಗೆ ಮರಾಠಿ ಮನೆಯ ಹೆಣ್ಣು ಸೊಸೆಯಾಗಿ ಬರುತ್ತಾಳೆ, ಸಂತೆಯ ಮಾತಿನಲ್ಲಿ ಎರಡೂ ಭಾಷೆ ಬೆರೆತಿರುತ್ತವೆ, ದವಾಖಾನೆಗೆ ಮೀರಜಕ್ಕೇ ಹೋಗುತ್ತೇವೆ. ಒಂದು ವಿಷಯದಲ್ಲಿ ಒಪ್ಪದೆ ಇನ್ನೊಂದು ವಿಷಯದಲ್ಲಿ ಕೈಮುಗಿಯುವುದು ಗಡಿಯ ಜನರಿಗೆ ರೂಢಿ ಇದೆ. ದೊಡ್ಡವರ ಗುಣವನ್ನು ರಾಜ್ಯದ ಗಡಿ ನೋಡಿ ಅಳೆಯಬಾರದೆಂಬುದನ್ನು ನಾನು ಕಲಿತದ್ದು ಇದೇ ಶಾಲೆಯಲ್ಲಿ.

1976ರ ಡಿಸೆಂಬರ್ 6ರಂದು ನಾನಾ ಪಾಟೀಲರು ತೀರಿಕೊಂಡರು. ಅವರ ಅಂತ್ಯಕ್ರಿಯೆ ವಾಳವಾದಲ್ಲಿ ನಡೆಯಿತು. ಎರಡು ಸಲ ಸಂಸತ್ ಸದಸ್ಯರಾಗಿದ್ದರೂ ಆಸ್ತಿ ಮಾಡಿಕೊಂಡವರಲ್ಲ. ಅದು ತುರ್ತು ಪರಿಸ್ಥಿತಿಯ ಕಾಲ. ದೇಶದಲ್ಲಿ ಚುನಾವಣೆ ಮುಂದೆ ಹೋಗಿತ್ತು. ಮೂರು ತಿಂಗಳ ಮೇಲೆ, 1977ರ ಮಾರ್ಚ್‌ನಲ್ಲಿ, ಜನ ಸಾಲಾಗಿ ನಿಂತು ಮತ ಹಾಕಿ ಕೇಂದ್ರದ ಸರ್ಕಾರವನ್ನೇ ಬದಲಿಸಿದರು. ಕಬ್ಬಿನ ಪಡದಲ್ಲಿ ಅಡಗಬೇಕಾಗಲಿಲ್ಲ, ರೈಲು ತಡೆಯಬೇಕಾಗಲಿಲ್ಲ.

ನಮ್ಮ ಶಾಲೆಯ ಇಂದಿನ ಮಕ್ಕಳು ಇನ್ನು ಕೆಲವೇ ವರ್ಷಗಳಲ್ಲಿ ಮತದಾರರಾಗುತ್ತಾರೆ. ಮತದಾನದ ದಿನ ಇದೇ ಶಾಲೆಯ ಕೋಣೆಯಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವವರು ಅವರಲ್ಲಿ ಇರುತ್ತಾರೆ. ಸರ್ಕಾರ ಎಂದರೆ ಕಟ್ಟಡವಲ್ಲ, ಕುರ್ಚಿಯಲ್ಲ. ಬದುವಿನ ಜಗಳ ನ್ಯಾಯವಾಗಿ ತೀರಬೇಕು, ಕಳ್ಳರ ಭಯ ಇರಬಾರದು, ಮಗಳ ಮದುವೆಗೆ ಹೊಲ ಹೋಗಬಾರದು, ಊರಿಗೊಂದು ವಾಚನಾಲಯ ಇರಬೇಕು ಎಂದು ನಾನಾ ಪಾಟೀಲರ ಸರ್ಕಾರ ಹಳ್ಳಿಯಿಂದ ಲೆಕ್ಕ ಶುರು ಮಾಡಿತ್ತು. ಮತ ಕೇಳಲು ಬರುವವರನ್ನು ಈ ಲೆಕ್ಕದಲ್ಲೇ ಕೇಳಿ ಎಂದು ಮಕ್ಕಳಿಗೆ ಹೇಳಬಯಸುತ್ತೇನೆ.

 

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್